ಕಡಲನ್ನಳೆದವರ ಮನೆಸುದ್ದಿ

ಜೂನ್ ತಿಂಗಳು ಬಂತೆಂದರೆ ಸರ್ಕಾರಿ ಶಾಲೆಯ ಸಿಬ್ಬಂದಿ ಕೋಣೆಯಲ್ಲಿ ಪಾಠದ ಮಾತಿಗಿಂತ ವರ್ಗಾವಣೆಯ ಮಾತೇ ಹೆಚ್ಚು. ಯಾರಿಗೆ ಯಾವ ಊರಾಯಿತು, ಯಾರಿಗೆ ಬಡ್ತಿ ಬಂತು, ಯಾರ ಗಂಡನಿಗೆ ಇನ್ನೂ ಬೇರೆ ಜಿಲ್ಲೆಯಲ್ಲೇ ಕೆಲಸ, ಯಾರು ನಿವೃತ್ತರಾದರು, ಯಾರು ತೀರಿಕೊಂಡರು... ಇದನ್ನೇ ಗಂಡಸರು ಮಾತಾಡಿದರೆ 'ಇಲಾಖೆಯ ವಿಷಯ' ಎನ್ನುತ್ತಾರೆ. ನಾವು ಮಾತಾಡಿದರೆ ಅದು 'ಹೆಂಗಸರ ಹರಟೆ'. ಇಪ್ಪತ್ತೊಂಬತ್ತು ವರ್ಷಗಳಿಂದ ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ರಾಜರ ವಂಶಾವಳಿ, ಯುದ್ಧ, ಒಪ್ಪಂದ, ಕಾಯ್ದೆ ಎಲ್ಲವೂ ಪಠ್ಯದಲ್ಲಿ ಇವೆ. ಜೊತೆಗೆ ಕೆಲಸ ಮಾಡಿದವರು ಒಬ್ಬರ ಸುದ್ದಿಯನ್ನು ಇನ್ನೊಬ್ಬರು ಇಟ್ಟುಕೊಂಡ ಬಗೆ ಮಾತ್ರ ಎಲ್ಲಿಯೂ ಇಲ್ಲ. ಆದರೆ ಅಂಥ ಸುದ್ದಿಯಿಂದಲೇ ಉಳಿದು ಬಂದ ಒಂದು ಪುಟ್ಟ ಕಡಲ ಪಡೆಯ ಕಥೆ ನನಗೆ ಅಕಸ್ಮಾತ್ತಾಗಿ ಸಿಕ್ಕಿತು. ಅದನ್ನೇ ಇಲ್ಲಿ ಹೇಳುತ್ತೇನೆ.

ಅಮೆರಿಕದಲ್ಲಿ ಸಮವಸ್ತ್ರದ ಸೇವೆಗಳು ಎಂಟು. ಭೂಸೇನೆ, ನೌಕಾಪಡೆ, ವಾಯುಪಡೆ ಮುಂತಾದವು ನಮಗೆ ಗೊತ್ತು. ಸಾರ್ವಜನಿಕ ಆರೋಗ್ಯ ಸೇವೆಯ ವೈದ್ಯರೂ ಅಲ್ಲಿ ಸಮವಸ್ತ್ರ ಧರಿಸುತ್ತಾರೆ. ಎಂಟರಲ್ಲಿ ಅತ್ಯಂತ ಚಿಕ್ಕದು ರಾಷ್ಟ್ರೀಯ ಸಾಗರ ಮತ್ತು ವಾಯುಮಂಡಲ ಆಡಳಿತದ ಅಧಿಕಾರಿ ಪಡೆ. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ 'ನೋವಾ' ಎನ್ನುತ್ತಾರೆ. ಕನ್ನಡದ ಕಿವಿಗೆ ಯಾರೋ ಮೈದಡವಿ 'ನೋವಾ?' ಎಂದು ವಿಚಾರಿಸಿದ ಹಾಗೆ ಕೇಳುತ್ತದೆ! ಈ ಪಡೆಯಲ್ಲಿರುವುದು ಮುನ್ನೂರು ಚಿಲ್ಲರೆ ಜನ. ನಮ್ಮ ಒಂದು ತಾಲ್ಲೂಕಿನ ಶಿಕ್ಷಕರನ್ನು ಎಣಿಸಿದರೂ ಇದಕ್ಕಿಂತ ಹೆಚ್ಚಾಗುತ್ತಾರೆ. ಇವರ ಕೈಯಲ್ಲಿ ಆಯುಧವಿಲ್ಲ. ಹಡಗು ನಡೆಸುತ್ತಾರೆ, ವಿಮಾನ ಹಾರಿಸುತ್ತಾರೆ. ಸಮುದ್ರದ ಆಳ ಅಳೆದು ನಕ್ಷೆ ಮಾಡುವುದು, ಮೀನಿನ ಸಂತತಿಯ ಲೆಕ್ಕ ಇಡುವುದು, ಚಂಡಮಾರುತದ ಒಳಹೊಕ್ಕು ಅದರ ಬಲ ತಿಳಿದು ಬರುವುದು ಇವರ ಕೆಲಸ. ಪದವಿಗಳೆಲ್ಲ ನೌಕಾಪಡೆಯವೇ, ಎನ್‌ಸೈನ್‌ನಿಂದ ವೈಸ್ ಅಡ್ಮಿರಲ್‌ವರೆಗೆ. ಪಡೆಯಲ್ಲಿ ಅಧಿಕಾರಿಗಳು ಮಾತ್ರ ಇರುತ್ತಾರೆ. ಹಡಗಿನ ಉಳಿದ ಕೆಲಸಗಾರರು ನಾಗರಿಕ ನೌಕರರು.

ಇವರ ಪರಿಚಯ ನನಗಾದದ್ದು ಒಂದು ಬಾಣಂತನದ ನೆಪದಲ್ಲಿ. ಮಗಳು ಸಿಯಾಟಲ್ ನಗರದಲ್ಲಿದ್ದಾಳೆ. 2023ರ ಬೇಸಿಗೆ ರಜೆಗೆ ಇನ್ನಷ್ಟು ರಜೆ ಸೇರಿಸಿಕೊಂಡು, ಮೆಂತ್ಯದ ಹಿಟ್ಟು, ಅಂಟಿನುಂಡೆ ಕಟ್ಟಿಕೊಂಡು ಹೋದೆ. ಆ ಊರಿನಲ್ಲಿ ಮೋಡ ಸರಿದ ದಿನ ಪಶ್ಚಿಮದಲ್ಲಿ, ನೀರಿನಾಚೆ, ಹಿಮ ಹೊದ್ದ ಒಂದು ಬೆಟ್ಟಸಾಲು ಕಾಣುತ್ತದೆ. ಒಂದು ಭಾನುವಾರ ಅಳಿಯ ನಮ್ಮನ್ನು ಫಾಂಟ್ಲರಾಯ್ ಎಂಬ ಕಡವಿನಿಂದ ದೋಣಿಯಲ್ಲಿ ಆಚೆಯ ದ್ವೀಪಕ್ಕೆ ಕರೆದುಕೊಂಡು ಹೋದ. ಆ ಶಿಖರಗಳ ಹೆಸರೇನೆಂದು ಕೇಳಿದೆ. ಜೋಡಿ ಕೋಡಿನದು 'ದಿ ಬ್ರದರ್ಸ್', ಉತ್ತರದ ಎತ್ತರದ್ದು ಕಾನ್‌ಸ್ಟನ್ಸ್, ದಕ್ಷಿಣಕ್ಕೆ ಎಲಿನರ್ ಎಂದ. ಸಹೋದರರು ಯಾರು, ಈ ಹೆಣ್ಣುಮಕ್ಕಳು ಯಾರು? ಅವನಿಗೆ ಗೊತ್ತಿರಲಿಲ್ಲ. ಇತಿಹಾಸದ ಮೇಷ್ಟ್ರಿಗೆ ಹೆಸರು ಸಿಕ್ಕಿದರೆ ಸುಮ್ಮನಿರಲಾಗುತ್ತದೆಯೇ? ಮಗು ಮಲಗಿದ ಹೊತ್ತಿನಲ್ಲಿ ಹತ್ತಿರದ ವಾಚನಾಲಯಕ್ಕೆ ಹೋಗಿ ಹುಡುಕತೊಡಗಿದೆ.

ಕಥೆ 1807ಕ್ಕೆ ಹೋಗುತ್ತದೆ. ಆ ವರ್ಷದ ಫೆಬ್ರವರಿ 10ರಂದು ಅಮೆರಿಕದ ಅಧ್ಯಕ್ಷ ಥಾಮಸ್ ಜೆಫರ್ಸನ್ ತಮ್ಮ ದೇಶದ ಕರಾವಳಿಯನ್ನು ಅಳೆಯಬೇಕೆಂಬ ಕಾಯ್ದೆಗೆ ಸಹಿ ಹಾಕಿದರು. ನಕ್ಷೆ ಇಲ್ಲದ ಕಡಲಲ್ಲಿ ಹಡಗುಗಳು ಬಂಡೆಗೆ ಬಡಿದು ಒಡೆಯುತ್ತಿದ್ದ ಕಾಲ. ಕೆಲಸಕ್ಕೆ ಆಯ್ಕೆಯಾದವನು ಸ್ವಿಟ್ಜರ್‌ಲೆಂಡಿನಿಂದ ಬಂದಿದ್ದ ಗಣಿತಜ್ಞ ಫರ್ಡಿನಂಡ್ ಹ್ಯಾಸ್ಲರ್. ನೆಲದ ಮೇಲೆ ಒಂದು ಗೆರೆಯನ್ನು ಬಹಳ ನಿಖರವಾಗಿ ಅಳೆದು, ಅದರ ಎರಡು ತುದಿಗಳಿಂದ ದೂರದ ಗುರುತೊಂದಕ್ಕೆ ಕೋನ ಹಿಡಿದು, ತ್ರಿಕೋನದ ಮೇಲೆ ತ್ರಿಕೋನ ಹೆಣೆಯುತ್ತಾ ಹೋಗುವ ಪದ್ಧತಿ ಅವನದು. ನಮಗೆ ಇದು ಹೊಸದಲ್ಲ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ ಬೆಂಗಳೂರಿನ ಬಳಿ ಇಂಥದೇ ಗೆರೆ ಅಳೆದು ಮೈಸೂರು ಸೀಮೆಯ ಸರ್ವೆ ಆರಂಭಿಸಿದ್ದ.

ಹ್ಯಾಸ್ಲರ್‌ನ ಹಟ ದೊಡ್ಡದು. ಉಪಕರಣ ತರಲು 1811ರಲ್ಲಿ ಯೂರೋಪಿಗೆ ಹೋದವನು ಯುದ್ಧದಲ್ಲಿ ಸಿಕ್ಕಿಹಾಕಿಕೊಂಡು ಹಿಂದಿರುಗಿದ್ದು 1815ರಲ್ಲಿ. ಕೆಲಸ ಶುರುವಾಗಿ ಎರಡು ವರ್ಷಕ್ಕೆ, 1818ರಲ್ಲಿ, ಸಂಸತ್ತು ಅವನ ಕೈಯಿಂದ ಕೆಲಸ ಕಿತ್ತುಕೊಂಡಿತು. ಮತ್ತೆ ಕರೆದದ್ದು 1832ರಲ್ಲಿ. ಹದಿನಾಲ್ಕು ವರ್ಷದ ವನವಾಸ! ಹಿಂದಿರುಗಿದ ಮೇಲೆ ದೊಡ್ಡ ಕೋನಮಾಪಕವನ್ನು ಹೊರಲೆಂದೇ ಒಂದು ಗಾಡಿ ಮಾಡಿಸಿಕೊಂಡು ಊರೂರು ತಿರುಗಿದ. 1843ರ ಶರತ್ಕಾಲದಲ್ಲಿ ಬಿರುಗಾಳಿಯೊಂದು ಡೇರೆಗೆ ಬಡಿದಾಗ ಉಪಕರಣವನ್ನು ಕಾಪಾಡಲು ಹೋಗಿ ಬಿದ್ದ. ನವೆಂಬರಿನಲ್ಲಿ ತೀರಿಕೊಂಡ. ಆಗ ಅವನಿಗೆ 73 ವರ್ಷ.

ಅವನ ನಂತರ ಬಂದವನು ಅಲೆಕ್ಸಾಂಡರ್ ಡಲ್ಲಾಸ್ ಬೇಚ್. ಬೆಂಜಮಿನ್ ಫ್ರಾಂಕ್ಲಿನ್‌ನ ಮರಿಮಗ. ನನಗೆ ಅದಕ್ಕಿಂತ ಹಿಡಿಸಿದ್ದು, ಅವನು ಹಿಂದೆ ಫಿಲಡೆಲ್ಫಿಯಾದ ಸೆಂಟ್ರಲ್ ಹೈಸ್ಕೂಲಿನ ಮುಖ್ಯಸ್ಥನಾಗಿದ್ದ ಎಂಬುದು. ಸರ್ವೆಗೆ ಹುಡುಗರು ಬೇಕಾದಾಗ ಈ ಹೆಡ್‌ಮಾಸ್ತರು ತನ್ನ ಹಳೆಯ ಶಾಲೆಯ ಕಡೆಗೇ ನೋಡಿದ. ಹಾಗೆ 1845ರಲ್ಲಿ ಸೇರಿದವನು ಜಾರ್ಜ್ ಡೇವಿಡ್ಸನ್. ಇಂಗ್ಲೆಂಡಿನಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಅಮೆರಿಕಕ್ಕೆ ಬಂದ ಹುಡುಗ, ವಯಸ್ಸು 20. ಅವನನ್ನು ರಾಬರ್ಟ್ ಹೆನ್ರಿ ಫಾಂಟ್ಲರಾಯ್ ಎಂಬ ಹಿರಿಯ ಸರ್ವೆದಾರನ ತಂಡಕ್ಕೆ ಹಾಕಿದರು. ಕೋನ ಹಿಡಿಯುವುದು, ನಕ್ಷತ್ರ ನೋಡಿ ಸ್ಥಾನ ಹೇಳುವುದು ಎಲ್ಲ ಅವನ ಕೈಕೆಳಗೆ ಕಲಿತ. 1849ರಲ್ಲಿ ಟೆಕ್ಸಸ್ ಕರಾವಳಿಯಲ್ಲಿ ಕೆಲಸ ಮಾಡುತ್ತಿದ್ದಾಗ ಫಾಂಟ್ಲರಾಯ್‌ಗೆ ಕಾಲರಾ ತಗುಲಿತು. ಗ್ಯಾಲ್ವಸ್ಟನ್ನಿನಲ್ಲಿ ಸತ್ತ.

ಅವನ ಹೆಂಡತಿ ಜೇನ್. ಈಕೆ ಸಾಮಾನ್ಯಳಲ್ಲ, ಕೂಲಿಕಾರರ ಮಕ್ಕಳಿಗೆ ಶಾಲೆ ತೆರೆದ, ಇಂಡಿಯಾನಾದಲ್ಲಿ ನ್ಯೂ ಹಾರ್ಮನಿ ಎಂಬ ಸಮಾನತೆಯ ಊರು ಕಟ್ಟಲು ಹೊರಟ ರಾಬರ್ಟ್ ಓವೆನ್‌ನ ಮಗಳು. ಓವೆನ್ ಹೆಸರು ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಸಮಾಜವಾದದ ಪಾಠದಲ್ಲಿ ಬರುತ್ತದೆ. ಗಂಡ ದೂರದೂರಿನಲ್ಲಿ ಸತ್ತ ಮೇಲೆ ಜೇನ್ ನಾಲ್ಕು ಮಕ್ಕಳನ್ನು ಕಟ್ಟಿಕೊಂಡು ಜರ್ಮನಿಗೆ ಹೋಗಿ ಓದಿಸಿದಳು. ಇಬ್ಬರು ಹೆಣ್ಣು, ಇಬ್ಬರು ಗಂಡು. ದೊಡ್ಡವಳು ಕಾನ್‌ಸ್ಟನ್ಸ್, ಅವಳ ತಂಗಿ ಎಲಿನರ್. ಹೆಸರುಗಳನ್ನು ಓದಿದಾಗ ದೋಣಿಯಿಂದ ಕಂಡ ಬೆಟ್ಟಸಾಲು ಕಣ್ಣೆದುರು ನಿಂತಿತು.

ಡೇವಿಡ್ಸನ್ 1850ರಲ್ಲಿ ಮೂವರು ಗೆಳೆಯರೊಂದಿಗೆ ಪೆಸಿಫಿಕ್ ತೀರಕ್ಕೆ ಹೋದ. ಅದು ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿದ ಕಾಲ. ಹಿಂದಿನ ವರ್ಷವಷ್ಟೇ ಅಲ್ಲಿಗೆ ಬಂದಿದ್ದ ಯುವಿಂಗ್ ಎಂಬ ಸರ್ವೆ ಹಡಗಿನ ನಾವಿಕರು ಚಿನ್ನದ ಆಸೆಗೆ ಓಡಿಹೋಗಿದ್ದರು. ಒಬ್ಬ ಅಡುಗೆಯವನನ್ನು ಇಟ್ಟುಕೊಳ್ಳಬೇಕೆಂದರೆ ಇವರ ಸಂಬಳಕ್ಕಿಂತ ಅವನ ಕೂಲಿ ಹೆಚ್ಚು. ಆದರೂ ಈ ಹುಡುಗರು ಗಣಿಯ ಕಡೆ ತಿರುಗಿ ನೋಡದೆ ಮಂಜು ಕವಿದ ಗುಡ್ಡಗಳ ಮೇಲೆ ಡೇರೆ ಹಾಕಿ, ರಾತ್ರಿಯೆಲ್ಲ ನಕ್ಷತ್ರ ಕಾದು, ಒಂದೊಂದು ಭೂಶಿರದ ಸ್ಥಾನವನ್ನೂ ಗೊತ್ತುಪಡಿಸಿದರು. ಆ ತೀರದ ಸರ್ವೆಗೆ ಒಂದು ಹಾಯಿಹಡಗು ಬಂದಾಗ ಅದಕ್ಕೆ ಇಟ್ಟ ಹೆಸರು 'ಆರ್. ಎಚ್. ಫಾಂಟ್ಲರಾಯ್'. ತೀರಿಕೊಂಡ ಹಿರಿಯನ ಹೆಸರು! ಅದೇ ಹಡಗಿನಲ್ಲಿ ಡೇವಿಡ್ಸನ್ ಉತ್ತರದ ಒಳಕಡಲನ್ನು ಅಳೆದ. 1856ರಲ್ಲಿ ಪಶ್ಚಿಮದ ಶಿಖರಗಳಿಗೆ ನಕ್ಷೆಯಲ್ಲಿ ಹೆಸರು ಬೇಕಾದಾಗ ಅವನು ಮಂತ್ರಿಗಳ ಹೆಸರು ಬರೆಯಲಿಲ್ಲ, ಸೇನಾಪತಿಗಳ ಹೆಸರೂ ಬರೆಯಲಿಲ್ಲ. ಗುರುವಿನ ಮಕ್ಕಳ ಹೆಸರು ಬರೆದ. ಒಂದಕ್ಕೆ ಎಲಿನರ್, ಒಂದಕ್ಕೆ ಅವಳ ಅಕ್ಕ ಕಾನ್‌ಸ್ಟನ್ಸ್, ಜೋಡಿ ಶಿಖರಕ್ಕೆ ಅವರ ಇಬ್ಬರು ಸಹೋದರರು. ತೀರದ ಕೊಲ್ಲಿಯೊಂದಕ್ಕೆ ಫಾಂಟ್ಲರಾಯ್ ಎಂದಿಟ್ಟ. ನಾವು ದೋಣಿ ಹತ್ತಿದ್ದು ಅಲ್ಲೇ. ಎರಡು ವರ್ಷದ ನಂತರ, 1858ರಲ್ಲಿ, ಎಲಿನರ್ ಅವನ ಹೆಂಡತಿಯಾದಳು.

ಅಂದರೆ ಆ ನಕ್ಷೆಯಲ್ಲಿರುವುದು ಏನು? ಒಂದು ಚಿಕ್ಕ ಸೇವೆಯ ಮನೆಸುದ್ದಿ. ಸತ್ತವರ ಮಕ್ಕಳು ಹೇಗಿದ್ದಾರೆ ಎಂದು ಜೊತೆಗಾರನೊಬ್ಬ ನೆನೆಸಿಕೊಂಡದ್ದು, ಒಂದು ಮದುವೆಯ ಮುನ್ಸೂಚನೆ, ಅಷ್ಟೇ. ಆದರೆ 1856ರಲ್ಲಿ ಅಧಿಕಾರದಲ್ಲಿದ್ದವರ ಹೆಸರು ನಮಗೆ ನೆನಪಿಲ್ಲ. ಸುಮಾರು 7,700 ಅಡಿ ಎತ್ತರದ ಕಾನ್‌ಸ್ಟನ್ಸ್ ಮಾತ್ರ ಮೋಡವಿಲ್ಲದ ದಿನ ಇಡೀ ನಗರಕ್ಕೆ ಕಾಣುತ್ತದೆ.

ಈ ಕಾನ್‌ಸ್ಟನ್ಸ್ ಬೆಟ್ಟದ ಹೆಸರಾಗಿಯಷ್ಟೇ ಉಳಿಯಲಿಲ್ಲ ಎಂಬುದನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಜರ್ಮನಿಯಲ್ಲಿ ಸಂಗೀತ ಕಲಿತು ಬಂದ ಆಕೆ 1859ರಲ್ಲಿ ನ್ಯೂ ಹಾರ್ಮನಿಯಲ್ಲಿ ಮಿನರ್ವಾ ಸೊಸೈಟಿ ಎಂಬ ಹೆಂಗಸರ ಸಂಘ ಕಟ್ಟಿದಳು. ನಿಯಮಾವಳಿ ಬರೆದುಕೊಂಡು, ಸಭೆ ಕರೆದು, ಚರ್ಚೆ ಮಾಡುತ್ತಿದ್ದ ಆ ಸಂಘ ಅಮೆರಿಕದ ಮೊದಮೊದಲ ಮಹಿಳಾ ಸಂಘಗಳಲ್ಲಿ ಒಂದು. ನಮ್ಮ ಊರುಗಳ ಮಹಿಳಾ ಸಮಾಜದಲ್ಲಿ ಕಾರ್ಯದರ್ಶಿ ವರದಿ ಓದುವುದನ್ನು ಕೇಳಿ ಆಕಳಿಸಿದವರು ಈ ಹುಡುಗಿಯರನ್ನು ಒಮ್ಮೆ ನೆನೆಯಬೇಕು.

ಡೇವಿಡ್ಸನ್ ಅರ್ಧ ಶತಮಾನ ದುಡಿದ. ಅಲಾಸ್ಕಕ್ಕೆ ಹೋದ, ಪೆಸಿಫಿಕ್ ತೀರದ ನಾವಿಕರೆಲ್ಲ ನಂಬುವ ಕೈಪಿಡಿ ಬರೆದ. 1895ರಲ್ಲಿ, ಐವತ್ತು ವರ್ಷ ತುಂಬಿದಾಗ, ಮೇಲಿನವರು ಅವನನ್ನು ಕೆಲಸದಿಂದ ತೆಗೆದುಹಾಕಿದರು. ಸರ್ಕಾರಿ ನೌಕರಿಯಲ್ಲಿ ಕೂದಲು ಬೆಳ್ಳಗಾದವರಿಗೆ ಈ ವಾಕ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವನು ಕೈಕಟ್ಟಿ ಕೂರಲಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಭೂಗೋಳ ಕಲಿಸಿದ. 1911ರಲ್ಲಿ ಕಣ್ಮುಚ್ಚಿದ.

ಇದು ನೆನಪು ಉಳಿದವರ ಕಥೆ. ಉಳಿಯದವರದೂ ಇದೆ.

1860ರ ಜೂನ್ 21ರ ನಡುರಾತ್ರಿ ಕಳೆದ ಮೇಲೆ, ನ್ಯೂ ಜರ್ಸಿಯ ತೀರದಾಚೆ, ರಾಬರ್ಟ್ ಜೆ. ವಾಕರ್ ಎಂಬ ಸರ್ವೆ ಹಡಗಿಗೆ ಒಂದು ಹಾಯಿಹಡಗು ಬಂದು ಬಡಿಯಿತು. ಮೆಕ್ಸಿಕೋ ಕೊಲ್ಲಿಯಲ್ಲಿ ಚಳಿಗಾಲವೆಲ್ಲ ಆಳ ಅಳೆದು ಹಿಂತಿರುಗುತ್ತಿದ್ದ ಹಡಗು ಅದು. ಅರ್ಧ ಗಂಟೆಯೊಳಗೆ ಮುಳುಗಿತು. ಇಪ್ಪತ್ತು ಜನ ಸತ್ತರು. ಈ ಸೇವೆಯ ಇಂದಿನವರೆಗಿನ ಚರಿತ್ರೆಯಲ್ಲೇ ಇಷ್ಟು ದೊಡ್ಡ ಸಾವು ಇನ್ನೊಂದಿಲ್ಲ. ಆದರೆ ದೇಶ ಅಂತರ್ಯುದ್ಧದ ಅಂಚಿನಲ್ಲಿತ್ತು. ಒಂದು ವಿಚಾರಣೆ ಕೂಡ ನಡೆಯಲಿಲ್ಲ. ಸತ್ತವರಲ್ಲಿ ಹೆಚ್ಚಿನವರು ಬಡ ನಾವಿಕರು. ಅವರ ಹೆಸರಿನಲ್ಲಿ ಬೆಟ್ಟ ಕರೆಯಲು ಯಾರಿದ್ದರು? ಸುದ್ದಿ ಹೇಳುವವರು ಇಲ್ಲವಾದರು, ಹಡಗು ಎಲ್ಲಿದೆ ಎಂಬುದೂ ಮರೆತುಹೋಯಿತು. ಮೀನುಗಾರರ ಬಲೆಗೆ ತಗುಲುವ ಗುರುತಿಲ್ಲದ ಅವಶೇಷವಾಗಿ ಅದು ತಳದಲ್ಲಿ ಬಿದ್ದಿತ್ತು.

ಗುರುತು ಹಿಡಿದದ್ದು 2013ರಲ್ಲಿ. ಹಿಂದಿನ ವರ್ಷ ಸ್ಯಾಂಡಿ ಚಂಡಮಾರುತ ಆ ತೀರವನ್ನು ನುಗ್ಗುನುರಿ ಮಾಡಿತ್ತು. ಹಡಗಿನ ದಾರಿಗಳನ್ನು ಮತ್ತೆ ಅಳೆಯಲು ಬಂದದ್ದು ನೋವಾದ ಹಡಗು. ಅದರ ಹೆಸರು ಥಾಮಸ್ ಜೆಫರ್ಸನ್. ಅದರಲ್ಲಿದ್ದವರು ಅವಶೇಷದ ಎಂಜಿನ್ನು, ಕಿಟಕಿಗಳ ಆಕಾರ, ಅದು ಮಲಗಿದ ದಿಕ್ಕು ಎಲ್ಲವನ್ನೂ ಹೊಂದಿಸಿ ನೋಡಿ, ಇದು ನಮ್ಮದೇ ಹಡಗು ಎಂದು ಖಚಿತಪಡಿಸಿದರು. ಆ ಜೂನ್ 21ರಂದು ನೀರಿನ ಮೇಲೆ ಹೂವಿನ ಹಾರ ಬಿಟ್ಟರು. ನೂರಾ ಐವತ್ತಮೂರು ವರ್ಷದ ನಂತರದ ಶ್ರಾದ್ಧ. ಸತ್ತವರು ಯಾರಿಗೂ ಬಂಧುಗಳಲ್ಲ. ಅದೇ ಕೆಲಸ ಮಾಡಿದವರು, ಅಷ್ಟೇ ಸಂಬಂಧ.

ಇದನ್ನು ಓದುತ್ತಿದ್ದಾಗ ನನಗೆ ನನ್ನ ಮೊದಲ ಶಾಲೆಯ ಹೆಡ್ ಮಿಸ್ಟ್ರೆಸ್ ನೆನಪಾದರು. ನಾನು ಸೇರಿದಾಗ ಅವರಿಗೆ ನಿವೃತ್ತಿಗೆ ಎರಡೇ ವರ್ಷ ಉಳಿದಿತ್ತು. ಒಂಟಿ ಹೆಂಗಸು. ಹಳ್ಳಿಯ ಆ ಶಾಲೆಯಲ್ಲಿ ನಾವು ಆರು ಜನ ಶಿಕ್ಷಕಿಯರು, ಇಬ್ಬರು ಶಿಕ್ಷಕರು. ನಂತರ ಒಬ್ಬೊಬ್ಬರಿಗೂ ಒಂದೊಂದು ದಿಕ್ಕಿಗೆ ವರ್ಗವಾಯಿತು. ಪ್ರತಿ ಯುಗಾದಿಗೆ ಮುಂಚೆ ಅವರಿಂದ ಅಂಚೆ ಕಾರ್ಡು ಬರುತ್ತಿತ್ತು. ಇರುವೆ ಸಾಲಿನಂಥ ಅಕ್ಷರ. ಶುಭಾಶಯ ಒಂದೇ ಸಾಲು, ಉಳಿದದ್ದೆಲ್ಲ ಸುದ್ದಿ. ವಿಜ್ಞಾನದ ಟೀಚರಿಗೆ ಅವಳಿ ಮಕ್ಕಳಾದವು. ಡ್ರಿಲ್ ಮಾಸ್ತರಿಗೆ ಸಕ್ಕರೆ ಕಾಯಿಲೆ, ಯಾರಾದರೂ ಬುದ್ಧಿ ಹೇಳಿ. ಹಿಂದಿ ಟೀಚರಿನ ಗಂಡ ಹೋದರು, ಆಕೆಗೆ ಒಂದು ಕಾಗದ ಬರೆಯಿರಿ, ವಿಳಾಸ ಇದು. ಹೀಗೆ. ಅವರು ಇಟ್ಟಿದ್ದದ್ದು ನಮ್ಮ ಸೇವಾ ಪುಸ್ತಕವಲ್ಲ, ಅದು ಕಚೇರಿಯ ಬೀರುವಿನಲ್ಲಿ ಇರುತ್ತಿತ್ತು. ಇವರದು ಬೇರೆ ಪುಸ್ತಕ.

2003ರಲ್ಲಿ ಅವರು ಹೋದರು. ಕಾರ್ಡು ನಿಂತಿತು. ಆಮೇಲೆ ಹಿಂದಿ ಟೀಚರ್ ತೀರಿಕೊಂಡದ್ದು ನನಗೆ ತಿಳಿದದ್ದು ಒಂದು ವರ್ಷ ಕಳೆದ ಮೇಲೆ, ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಅವರ ಹಳೆಯ ವಿದ್ಯಾರ್ಥಿಯ ಬಾಯಿಂದ. ಮೊದಲ ಬಾಣಂತನ ಮುಗಿಸಿ ಶಾಲೆಗೆ ಬಂದಾಗ ನನ್ನ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಉತ್ತರ ಪತ್ರಿಕೆ ತಿದ್ದಿದ ಹೆಂಗಸು ಅವರು. ನನಗೆ ಸುದ್ದಿ ಬರಲಿಲ್ಲವೆಂದು ಯಾರ ಮೇಲೆ ದೂರು ಹೇಳಲಿ? ಹೇಳುವವರು ಒಬ್ಬರಿದ್ದರು, ಅವರ ನಂತರ ಆ ಕೆಲಸ ಯಾರದೂ ಆಗಲಿಲ್ಲ.

ಆ ಕಡಲ ಪಡೆಯವರು ಈ ಕೆಲಸವನ್ನು ಹೇಗೆ ಉಳಿಸಿಕೊಂಡರು? ಅಲ್ಲಿಗೇ ಮರಳುತ್ತೇನೆ. ಬಹಳ ಕಾಲ ಸರ್ವೆಯಲ್ಲಿದ್ದವರು ನಾಗರಿಕರು, ಜೊತೆಗೆ ನೌಕಾಪಡೆ, ಭೂಸೇನೆಯಿಂದ ಎರವಲು ಬಂದವರು. ಮೊದಲ ಮಹಾಯುದ್ಧಕ್ಕೆ ಅಮೆರಿಕ ಇಳಿದಾಗ ಒಂದು ಪ್ರಶ್ನೆ ಎದ್ದಿತು. ಯುದ್ಧಭೂಮಿಯಲ್ಲಿ ನಕ್ಷೆ ಬರೆಯುತ್ತಿರುವ ನಾಗರಿಕ ಶತ್ರುವಿನ ಕೈಗೆ ಸಿಕ್ಕಿದರೆ ಅವನನ್ನು ಗೂಢಚಾರನೆಂದು ಕೊಲ್ಲಬಹುದು. ಸಮವಸ್ತ್ರವಿದ್ದರೆ ಅವನು ಯುದ್ಧ ಕೈದಿ. ಆದ್ದರಿಂದ 1917ರ ಮೇ 22ರಂದು ಸರ್ವೆಯ ಅಧಿಕಾರಿಗಳಿಗೆ ಸಮವಸ್ತ್ರ, ಪದವಿ ಎರಡೂ ಬಂದವು. ಜೀವ ಉಳಿಸಲೆಂದು ತೊಟ್ಟ ಬಟ್ಟೆ ಅದು. ಆ ಯುದ್ಧದಲ್ಲಿ ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸೈನ್ಯದ ಬೇರೆ ಬೇರೆ ವಿಭಾಗಗಳಿಗೆ ಹೋದರು.

ಆ ನಂತರದ ವರ್ಷಗಳಲ್ಲಿ ಅವರು ಚದುರಿದ ಪರಿ ನೋಡಿ. ಒಬ್ಬ ಅಲಾಸ್ಕದ ಹಿಮದಲ್ಲಿ, ಒಬ್ಬ ಫಿಲಿಪೈನ್ಸ್ ದ್ವೀಪಗಳಲ್ಲಿ, ಇನ್ನೊಬ್ಬ ಒಳನಾಡಿನ ಬಯಲಿನಲ್ಲಿ. ಒಳನಾಡಿನ ತಂಡಗಳು ಸರ್ಕಸ್ಸಿನವರ ಹಾಗೆ ಊರಿಂದೂರಿಗೆ ಹೊರಡುತ್ತಿದ್ದವು. ಜಾಸ್ಪರ್ ಬಿಲ್ಬಿ ಎಂಬಾತ 1927ರಲ್ಲಿ ರೂಪಿಸಿದ, ಬಿಚ್ಚಿ ಜೋಡಿಸಬಹುದಾದ ಉಕ್ಕಿನ ಗೋಪುರ ಏರಿ, ರಾತ್ರಿ ದೀಪ ಗುರುತಿಟ್ಟು ಕೋನ ಅಳೆಯುವುದು. ಕೆಲಸ ಮುಗಿದ ತಕ್ಷಣ ಗೋಪುರ ಕಳಚಿ ಮುಂದಿನ ಊರು. ಹೆಂಡತಿ ಮಕ್ಕಳು ಚಕ್ರದ ಮನೆಗಳಲ್ಲಿ ಹಿಂದೆಯೇ. ಮಕ್ಕಳು ಒಂದೇ ವರ್ಷದಲ್ಲಿ ಶಾಲೆಯ ಮೇಲೆ ಶಾಲೆ ಬದಲಿಸಬೇಕಾಗುತ್ತಿತ್ತು. ಆ ತಾಯಂದಿರು ಪ್ರತಿ ಊರಿನಲ್ಲೂ ಹಾಲಿನವನನ್ನು ಹುಡುಕಿ, ಶಾಲೆಯವರ ಮುಂದೆ ನಿಂತು, ಮಕ್ಕಳನ್ನು ಸೇರಿಸಿ ಬಂದದ್ದಕ್ಕೆ ಯಾವ ದಾಖಲೆ ಇದೆ? ನಕ್ಷೆಯ ಅಂಚಿನಲ್ಲಿ ಅವರ ಸಹಿ ಇಲ್ಲ.

ಹೀಗೆ ಚದುರಿದವರು 1930ರ ದಶಕದಲ್ಲಿ ತಮ್ಮದೇ ಒಂದು ಸಂಘ ಕಟ್ಟಿಕೊಂಡು ಒಂದು ಪತ್ರಿಕೆ ನಡೆಸಿದರು. ಫೀಲ್ಡ್ ಎಂಜಿನಿಯರ್ಸ್ ಬುಲೆಟಿನ್ ಎಂದು ಹೆಸರು. ಹೊಸ ಹೊಸ ವಿದ್ಯೆಗಳ ವಿವರ ಅದರಲ್ಲಿ ಇರುತ್ತಿತ್ತು. ಆಗ ಸೀಸದ ಗುಂಡು ಕಟ್ಟಿದ ಹಗ್ಗ ಇಳಿಬಿಡುವುದು ಹೋಗಿ, ಶಬ್ದ ಕಳಿಸಿ ಮರುದನಿಯಿಂದ ಆಳ ತಿಳಿಯುವ ಕ್ರಮ ಬಂದಿತ್ತು. ಮಂಜಿನಲ್ಲಿ ತೀರ ಕಾಣದಿದ್ದರೆ ನೀರಿಗೆ ಸಣ್ಣ ಸಿಡಿಮದ್ದು ಎಸೆದು, ಆ ಸದ್ದು ದೂರದ ಕೇಳುಗಡ್ಡೆಗಳಿಗೆ ಮುಟ್ಟಿದ ಹೊತ್ತನ್ನು ರೇಡಿಯೋದಲ್ಲಿ ತಿಳಿದು, ಹಡಗು ಎಲ್ಲಿದೆ ಎಂದು ಲೆಕ್ಕ ಹಾಕುತ್ತಿದ್ದರು. ಇಂಥ ಲೇಖನಗಳ ಪಕ್ಕದಲ್ಲೇ ಹಳಬರ ಅನುಭವಗಳು, ಪೇಚಿಗೆ ಸಿಕ್ಕಿದ ಪ್ರಸಂಗಗಳು, ನಗೆಯ ಮಾತು. ಇವತ್ತು ಆ ಸೇವೆಯ ಚರಿತ್ರೆ ಬರೆಯುವವರು ಮೊದಲು ತೆರೆಯುವುದು ಆ ಹಳೆಯ ಸಂಚಿಕೆಗಳನ್ನೇ.

1965ರಲ್ಲಿ ಸರ್ವೆಯನ್ನೂ ಹವಾಮಾನ ಇಲಾಖೆಯನ್ನೂ ಒಂದು ಮಾಡಿದರು. 1970ರ ಅಕ್ಟೋಬರಿನಲ್ಲಿ ನೋವಾ ಹುಟ್ಟಿತು. ಅಲ್ಲಿಯವರೆಗೂ ಪಡೆಯಲ್ಲಿ ಗಂಡಸರೇ. 1972ರಲ್ಲಿ ಪಮೇಲಾ ಚೆಲ್‌ಗ್ರೆನ್ ಎಂಬಾಕೆ ಮೊದಲ ಮಹಿಳಾ ಅಧಿಕಾರಿಯಾಗಿ ಸೇರಿದಳು. ಮರುವರ್ಷ ಎವೆಲಿನ್ ಫೀಲ್ಡ್ಸ್ ಬಂದಳು. ವರ್ಜೀನಿಯಾದ ನಾರ್ಫೋಕ್ ಬಂದರಿನ ಹುಡುಗಿ, ಕಪ್ಪು ಜನಾಂಗದವಳು, ಗಣಿತದ ಪದವೀಧರೆ. ಅದಕ್ಕೂ ಮುಂಚೆ ಅದೇ ಊರಿನಲ್ಲಿ ನಕ್ಷೆ ಬರೆಯುವ ಕೆಲಸಕ್ಕಿದ್ದಳು. 1989ರಲ್ಲಿ ಮೆಕಾರ್ಥರ್ ಎಂಬ ಹಡಗಿನ ಕಪ್ತಾನಳಾದಳು. ನೋವಾದ ಹಡಗೊಂದನ್ನು ಹೆಣ್ಣೊಬ್ಬಳು ನಡೆಸಿದ್ದು ಅದೇ ಮೊದಲು.

1990ರ ದಶಕದ ನಡುವಿನಲ್ಲಿ ಈ ಪಡೆಯನ್ನೇ ಮುಚ್ಚಿಬಿಡುವ ಪ್ರಸ್ತಾಪ ಬಂತು. ಇಷ್ಟು ಸಣ್ಣ ಸೇವೆಗೆ ಬೇರೆ ಸಮವಸ್ತ್ರ ಏಕೆ ಎಂದು ಲೆಕ್ಕಪತ್ರದವರ ವಾದ. ಹೊಸಬರನ್ನು ತೆಗೆದುಕೊಳ್ಳುವುದು ನಿಂತಿತು. ಮಕ್ಕಳ ಸಂಖ್ಯೆ ಕಡಿಮೆಯೆಂದು ಶಾಲೆ ಮುಚ್ಚುವ ಮಾತು ಬಂದಾಗ ಆ ಶಾಲೆಯ ಕೋಣೆಗಳಲ್ಲಿ ಸುಳಿಯುವ ಗಾಳಿ ಎಂಥದೆಂದು ನಾನು ಬಲ್ಲೆ. ಕೊನೆಗೆ 1998ರಲ್ಲಿ ಸಂಸತ್ತು ಪಡೆಯನ್ನು ಉಳಿಸಿಕೊಂಡಿತು. ಮರುವರ್ಷ, 1999ರಲ್ಲಿ, ಅದಕ್ಕೆ ಮುಖ್ಯಸ್ಥರಾಗಿ ಬಂದವರು ಎವೆಲಿನ್ ಫೀಲ್ಡ್ಸ್. ಮೊದಲ ಹೆಣ್ಣು, ಮೊದಲ ಕಪ್ಪು ಅಧಿಕಾರಿ. 2018ರ ಆಗಸ್ಟಿನಲ್ಲಿ ಕ್ರಿಸ್ಟಿ ಟ್ವೈನಿಂಗ್ ಮತ್ತು ರೆಬೆಕಾ ವಾಡಿಂಗ್‌ಟನ್ ಇಬ್ಬರೇ ಹೆಂಗಸರು ಚುಕ್ಕಾಣಿ ಹಿಡಿದು ಹೆಕ್ಟರ್ ಎಂಬ ಚಂಡಮಾರುತದ ಅಧ್ಯಯನಕ್ಕೆ ವಿಮಾನ ಹಾರಿಸಿದರು. 2021ರಲ್ಲಿ ನ್ಯಾನ್ಸಿ ಹ್ಯಾನ್ ಮುಖ್ಯಸ್ಥೆಯಾದರು.

ಚಂಡಮಾರುತದ ವಿಮಾನಗಳ ಬಗ್ಗೆ ಎರಡು ಮಾತು ಹೇಳಬೇಕು. ನೋವಾದ ಎರಡು ಓರಿಯನ್ ವಿಮಾನಗಳಿಗೆ ಮಕ್ಕಳ ಗೊಂಬೆಯಾಟದ ಪಾತ್ರಗಳ ಹೆಸರು: ಕರ್ಮಿಟ್, ಮಿಸ್ ಪಿಗ್ಗಿ. ಒಂದು ಕಪ್ಪೆ, ಒಂದು ಹಂದಿ. ಸಾವಿನ ಬಾಯಿಗೆ ಹೋಗಿ ಬರುವವರಿಗೆ ಇಷ್ಟು ತಮಾಷೆಯಾದರೂ ಬೇಡವೇ? 1989ರ ಸೆಪ್ಟೆಂಬರ್ 15ರಂದು ಕರ್ಮಿಟ್ ಬಾರ್ಬಡೋಸಿನ ಪೂರ್ವಕ್ಕೆ ಹ್ಯೂಗೋ ಚಂಡಮಾರುತದೊಳಗೆ ನುಗ್ಗಿತು. ಎಣಿಸಿದ್ದಕ್ಕಿಂತ ಬಲವಾದ ಗಾಳಿ. ನಾಲ್ಕರಲ್ಲಿ ಒಂದು ಎಂಜಿನ್ ಕೆಟ್ಟಿತು. ವಿಮಾನ ಸಾವಿರ ಅಡಿಗಿಂತಲೂ ಕೆಳಕ್ಕೆ ಕುಸಿದು ಚಂಡಮಾರುತದ ಕಣ್ಣಿನೊಳಗೆ ಸಿಕ್ಕಿಕೊಂಡಿತು. ಒಳಗೆ ಗಾಳಿ ಶಾಂತ, ಸುತ್ತಲೂ ಮೋಡದ ಗೋಡೆ. ಚಾಲಕರು ಅಲ್ಲೇ ಸುತ್ತುತ್ತಾ ಇಂಧನ ಚೆಲ್ಲಿ, ಹಗುರಾಗಿ, ಮೇಲೇರಿದರು. ಅಷ್ಟರಲ್ಲಿ ಮೇಲೆ ಬಂದಿದ್ದ ವಾಯುಪಡೆಯ ವಿಮಾನವೊಂದು ಗೋಡೆಯನ್ನು ಹಾಯ್ದು ನೋಡಿ, ಮೆದುವಾದ ಜಾಗ ಯಾವುದೆಂದು ಹುಡುಕಿ ತಿಳಿಸಿತು. ಆ ದಾರಿಯಲ್ಲಿ ಹೊರಬಂದರು. ಎಲ್ಲರೂ ಬದುಕಿದರು.

ಈ ವಿಮಾನಗಳಲ್ಲಿ ಅಧಿಕಾರಿಗಳ ಜೊತೆ ವಿಜ್ಞಾನಿಗಳೂ ಹೋಗುತ್ತಾರೆ. ಅಂಥವರಲ್ಲಿ ಪೀಟರ್ ಡಾಜ್ ಒಬ್ಬರು. ರಾಡಾರ್ ನಿಪುಣರು. ತಮ್ಮ ವೃತ್ತಿಯಲ್ಲಿ 386 ಬಾರಿ ಚಂಡಮಾರುತದ ಕಣ್ಣನ್ನು ಹೊಕ್ಕವರು. 2023ರ ಮಾರ್ಚಿನಲ್ಲಿ ತೀರಿಕೊಂಡರು. ಮರುವರ್ಷ ಅಕ್ಟೋಬರ್ 8ರಂದು ಮಿಲ್ಟನ್ ಚಂಡಮಾರುತ ಫ್ಲಾರಿಡಾದ ಕಡೆಗೆ ಬರುತ್ತಿತ್ತು. ಅದನ್ನು ಅಳೆಯಲು ಹೊರಟ ಅವರ ಜೊತೆಗಾರರು ಚಿತಾಭಸ್ಮವನ್ನೂ ಒಯ್ದರು. ಕಣ್ಣಿನ ನಡುವೆ, ಉಪಕರಣ ಬೀಳಿಸುವ ಕೊಳವೆಯಿಂದ ಅದನ್ನು ಇಳಿಬಿಟ್ಟರು. ಗಾಳಿಯ ವೇಗ, ಒತ್ತಡ, ಅಕ್ಷಾಂಶ ರೇಖಾಂಶಗಳಷ್ಟೇ ಇರಬೇಕಾದ ಆ ದಿನದ ಹವಾಮಾನ ಸಂದೇಶದಲ್ಲಿ ಒಂದು ಸಾಲು ಸೇರಿಸಿದರು: ಅವರ ಹೆಸರು, ಹುಟ್ಟಿದ ಮತ್ತು ಸತ್ತ ವರ್ಷ, ಇದು 387ನೆಯದು ಎಂಬ ಲೆಕ್ಕ.

ಆ ಸಂದೇಶವನ್ನು ಕಾದು ಕುಳಿತಿದ್ದವರಿಗೆ ಬೇಕಾಗಿದ್ದದ್ದು ಬಿರುಗಾಳಿಯ ಸುದ್ದಿ. ಅದರೊಳಗೇ ಮನೆಯವನೊಬ್ಬನ ಸುದ್ದಿಯೂ ಬಂತು. ಸಂದೇಶಕ್ಕೆ ಅದರಿಂದ ಕುಂದೇನೂ ಆಗಲಿಲ್ಲ. ಒಬ್ಬ ಮನುಷ್ಯ ಎಷ್ಟು ಬಾರಿ ಹೋಗಿ ಬಂದ ಎಂದು ಎಣಿಸಿಟ್ಟವರು ಗಾಳಿಯ ವೇಗವನ್ನು ತಪ್ಪಾಗಿ ಬರೆಯಲಾರರು ಎಂದೇ ನನಗನ್ನಿಸಿತು.

ಅಮೆರಿಕದಿಂದ ಬಂದ ಮೇಲೆ ನಾನು ಮಾಡಿದ ಕೆಲಸ ಇಷ್ಟು. ನನ್ನ ಮೊದಲ ಶಾಲೆಯ ಎಂಟು ಜನರಲ್ಲಿ ಉಳಿದಿರುವವರು ಯಾರು ಎಂದು ಪಟ್ಟಿ ಮಾಡಿದೆ. ಹೆಡ್ ಮಿಸ್ಟ್ರೆಸ್ ಅವರ ಹೆಸರನ್ನೂ, ಹಿಂದಿ ಟೀಚರ್ ಹೆಸರನ್ನೂ ಇಸವಿ ಸಮೇತ ಮೇಲೆ ಬರೆದುಕೊಂಡೆ. ಫೋನಿನಲ್ಲಿ ಒಬ್ಬರಿಂದ ಇನ್ನೊಬ್ಬರ ನಂಬರು ಸಿಕ್ಕಿತು. ಡ್ರಿಲ್ ಮಾಸ್ತರು ಮಾತ್ರ ಫೋನು ಎತ್ತುವುದಿಲ್ಲ, ಕಿವಿ ಮಂದ. ಅವರಿಗೆ ಕಾರ್ಡೇ ಬರೆಯಬೇಕು. ಅಂಚೆ ಕಚೇರಿಯಲ್ಲಿ ಕೇಳಿದೆ, ಕಾರ್ಡು ಈಗಲೂ ಸಿಗುತ್ತದೆ. ಓದುತ್ತಿರುವ ನಿಮ್ಮ ಬಳಿಯೂ ಇಂಥದೊಂದು ಪಟ್ಟಿ ಇದ್ದೀತು, ಹಳೆಯ ಡೈರಿಯ ಹಿಂದಿನ ಪುಟದಲ್ಲಿ. ಯಾರಾದರೂ ಹರಟೆ ಎಂದರೆ ಅನ್ನಲಿ, ಬಿಡಿ. ಒಮ್ಮೆ ತೆಗೆದು ನೋಡಿ.